ಕಲ್ಶಿವನಿ ಬೇಲಿ: ಮೂರೂವರೆ ವರ್ಷ, 180 ಅಡಿ, ಇನ್ನೂ 22 ಅಡಿ ಬಾಕಿ

ಕಲ್ಶಿವನಿ ಅನ್ನೋ ಮುಳ್ಳು ಪೊದೆಯ ಹಸಿರು ಬೇಲಿ ಇದು. ಇನ್ನೂ ಮುಗಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 180 ಅಡಿಯಲ್ಲಿ 158 ಅಡಿ ನಿಂತಿದೆ. ಉಳಿದ 22 ಅಡಿಯಲ್ಲಿ ಮೇಕೆಗಳು ಈಗಲೂ ಬೀಗರ ಮನೆಗೆ ಬಂದ ಹಾಗೆ ಬಂದು ಹೋಗುತ್ತವೆ. ಆದರೂ ಬರೆದಿಡುತ್ತಿದ್ದೇನೆ. ಯಾಕಂದ್ರೆ ಈ ಗಿಡವನ್ನು ಬೀಜದಿಂದ ಎಬ್ಬಿಸೋದು ಹೇಗೆ ಅಂತ ಹೇಳುವವರು ನನಗೆ ಒಬ್ಬರೂ ಸಿಗಲಿಲ್ಲ, ನರ್ಸರಿಯವರಿಗೇ ಗೊತ್ತಿರಲಿಲ್ಲ, ಎಲ್ಲವನ್ನೂ ಕೆಡಿಸಿಕೊಂಡೇ ಕಲಿತೆ.

ನನ್ನದು ಚಿತ್ರದುರ್ಗದಲ್ಲಿ ಜೆರಾಕ್ಸ್ ಅಂಗಡಿ. ಹೊಲದ ಕೆಲಸ ಅಂದ್ರೆ ಭಾನುವಾರ ಮಾತ್ರ. ಕೆಳಗಿನ ತಾರೀಖುಗಳೆಲ್ಲ ಭಾನುವಾರಗಳೇ. ಬಿಲ್ ಬುಕ್ಕಿನ ಹಿಂಬದಿಯಲ್ಲಿ ಗೀಚಿಟ್ಟಿದ್ದನ್ನು ನೋಡಿ ಇಳಿಸುತ್ತಿದ್ದೇನೆ.

2022 ಜೂನ್ 12: ಯಾಕೆ ಶುರುವಾಯ್ತು

ಹೊಳಲ್ಕೆರೆ ರಸ್ತೆ ಕಡೆ, ಜೋಗಿಮಟ್ಟಿ ಗುಡ್ಡದ ಸಾಲು ಕಾಣುವಲ್ಲಿ, ನಮ್ಮದು ಅರ್ಧ ಎಕರೆ ಕೆಂಪು ಗರಸು ನೆಲ. ಅಂಗಡಿಯಿಂದ 14 ಕಿಲೋಮೀಟರ್. ಮೂರು ಕಡೆ ಅಕ್ಕಪಕ್ಕದವರ ಕಲ್ಲಿನ ಬದು, ಕತ್ತಾಳೆ ಸಾಲು ಇದೆ. ದಾರಿ ಕಡೆ ಮಾತ್ರ ಬಾಯಿ ತೆರೆದುಕೊಂಡಿದೆ. ಅಲ್ಲಿ 60 ನುಗ್ಗೆ ಸಸಿ ಹಾಕಿದ್ದೆ. ಒಂದೇ ಮಧ್ಯಾಹ್ನ 41 ಸಸಿ ಮೇಕೆ ಹೊಟ್ಟೆ ಸೇರಿದವು. ಸೀತಾಫಲ ಹಾಕಿದ್ದರೆ ಮೂಸಿಯೂ ನೋಡ್ತಿರಲಿಲ್ಲ ಅಂತ ಅವ್ವ ಇವತ್ತಿಗೂ ಹೇಳುತ್ತಾಳೆ.

ಮುಳ್ಳುತಂತಿಗೆ ಲೆಕ್ಕ ಹಾಕಿಸಿದೆ. 8 ಅಡಿಗೊಂದು ಕಲ್ಲುಕಂಬ ಅಂದ್ರೆ 24 ಕಂಬ, ಒಂದಕ್ಕೆ 450 ರೂಪಾಯಿ, 10,800. ನಾಲ್ಕು ಎಳೆ ತಂತಿಗೆ 2,300. ಗುಂಡಿ ತೆಗೆಯೋ ಕೂಲಿ 6,000, ಗರಸು ನೆಲ ಅಲ್ವಾ, ಹಾರೆ ಹಾಕಿದರೆ ಕಿಡಿ ಹಾರುತ್ತೆ. ಸಾಗಾಣಿಕೆ 2,000. ಒಟ್ಟು 21,100. ಇಷ್ಟು ಮಾಡಿದ ಮೇಲೂ ಮೇಕೆಗೆ ನಾಲ್ಕು ಎಳೆ ತಂತಿ ಒಂದು ಲೆಕ್ಕಾನಾ? ತಲೆ ತೂರಿಸಿದರೆ ಮೈ ತಾನಾಗೇ ಬರುತ್ತೆ. ಹಸಿರು ಬೇಲಿ ಮಾಡೋಣ ಅಂತ ಅವತ್ತೇ ತೀರ್ಮಾನ ಮಾಡಿದೆ. ಎರಡು ವರ್ಷದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ.

2022 ಜುಲೈ 17: ಗಿಡ ಸಿಕ್ಕಿದ್ದು

ಮೊದಲು ಮನಸ್ಸಿಗೆ ಬಂದಿದ್ದು ತಂಗಟೆ. ನಮ್ಮ ಕಡೆ ಹಳದಿ ಹೂವಿನ ಗಿಡ ಅಂದ್ರೆ ಅದೇ, ದಾರಿ ಉದ್ದಕ್ಕೂ ಇರುತ್ತೆ, ದನ ಮೇಕೆ ಅಷ್ಟಾಗಿ ಬಾಯಿ ಹಾಕಲ್ಲ. ಆದರೆ ಮುಳ್ಳಿಲ್ಲ. ತಿನ್ನದಿದ್ದರೂ ನೂಕಿಕೊಂಡು ಒಳಗೆ ಬರುತ್ತವೆ. ಬಳ್ಳಾರಿ ಜಾಲಿ ಹಾಕಿದರೆ ಹೊಲವೇ ಅದರದ್ದಾಗುತ್ತೆ. ಕಳ್ಳಿ ಹಾಲು ಕಣ್ಣಿಗೆ ಸಿಡಿದರೆ ಕಷ್ಟ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಅವತ್ತು ಮಳೆ ಬಂದು ನಿಂತಿತ್ತು. ಪಕ್ಕದ ಊರಿನ ದಾರಿಯಲ್ಲಿ ಹಳೇ ಹಟ್ಟಿ ಜಾಗ ಒಂದಿದೆ, ಈಗ ಅಲ್ಲಿ ಯಾರೂ ಇಲ್ಲ. ಅದರ ಬದುವಿನ ಮೇಲೆ ತಲೆ ಎತ್ತರಕ್ಕೆ ಪೊದೆ, ತುಂಬಾ ಹಳದಿ ಹೂ. ದೂರದಿಂದ ತಂಗಟೆ ಅಂದುಕೊಂಡೆ. ಹತ್ತಿರ ಹೋಗಿ ಕೊನೆ, ಅಂದ್ರೆ ಸಣ್ಣ ಟೊಂಗೆ, ಹಿಡಿದರೆ ಅಂಗೈಗೆ ಮುಳ್ಳು ನೆಟ್ಟಿತು.

ಹೂ ತಂಗಟೆಯ ಥರ ಅಗಲವಾಗಿ ಬಿಚ್ಚಿಕೊಂಡಿರಲಿಲ್ಲ. ಬುಡ ಸಣ್ಣ ಕೊಳವೆ, ಮೇಲೆ ಹೋಗ್ತಾ ಉಬ್ಬಿ ಗಂಟೆಯಂತಾಗಿ, ಬಾಯಿಯಲ್ಲಿ ನಾಲ್ಕು ಎಸಳು, ಅದರಲ್ಲಿ ಕೆಳಗಿನದೊಂದು ಉಳಿದವಕ್ಕಿಂತ ಉದ್ದ, ನಾಲಗೆ ಚಾಚಿದ ಹಾಗೆ. ಕೊನೆಯ ತುದಿಯಲ್ಲಿ ಜೋತು ಬಿದ್ದಿರುತ್ತೆ. ಬಿದಿರು ಕೊರೆಯುವ ದೊಡ್ಡ ಕಪ್ಪು ದುಂಬಿ ಒಂದು ಆ ನಾಲಗೆ ಮೇಲೆ ಕೂತಿತು, ಭಾರಕ್ಕೆ ಹೂ ಪೂರ್ತಿ ಬಗ್ಗಿತು, ಅದು ತಲೆ ತೂರಿಸಿ ಒಳಗೆ ಹೋಗಿ ಹಿಂದಕ್ಕೆ ಬಂದಾಗ ಬೆನ್ನ ಮೇಲೆ ಹಳದಿ ಪುಡಿ ಹಚ್ಚಿಕೊಂಡಿತ್ತು. ಎಲೆ ಎದುರುಬದುರು, ಚಿಕ್ಕದು, ಅಡಿಭಾಗ ಬೂದಿ ಬಣ್ಣ. ಕೆಲವು ಎಲೆಗೆ ಪಕ್ಕದಲ್ಲಿ ಕಚ್ಚು ಇರುತ್ತೆ. ಅಡ್ಡ ಕೊನೆಗಳೇ ತುದಿಯಲ್ಲಿ ಚೂಪಾಗಿ ಮುಳ್ಳಾಗುತ್ತವೆ.

ಕುರಿ ಹೊಡೆದುಕೊಂಡು ಹೋಗ್ತಿದ್ದ ಅಜ್ಜನನ್ನು ಕೇಳಿದೆ.

"ಅಜ್ಜಾ, ಇದೇನು ಗಿಡ?"

"ಕಲ್ಶಿವ್ನಿ ಅಲ್ಲೇನಪ್ಪಾ. ನಮ್ಮಪ್ಪನ ಕಾಲ್ದಾಗ ರೊಪ್ಪದ ಸುತ್ತ ಇದ್ನೇ ಬಿಡ್ತಿದ್ರು. ಕುರಿ ಎಳೇ ತುದಿ ತಿಂತಾವೆ, ಒಳೀಕ್ ನುಗ್ಗಲ್ಲ."

ರೊಪ್ಪ ಅಂದ್ರೆ ಕುರಿ ದೊಡ್ಡಿ. ಒಳಗೆ ನುಗ್ಗಲ್ಲ ಅನ್ನೋ ಮಾತಿಗೆ ನಾನು ಬಿದ್ದೆ. ಪುಸ್ತಕದಲ್ಲಿ ಈ ಗಿಡದ ಹೆಸರು ಗ್ಮೆಲಿನಾ ಏಷಿಯಾಟಿಕಾ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟಿದ್ದು, ಸೈಬೀರಿಯಾ ಸುತ್ತಿದ ಗ್ಮೆಲಿನ್ ಅನ್ನುವ ಜರ್ಮನ್ ವಿದ್ವಾಂಸನ ಹೆಸರಿನಲ್ಲಿ. ಮುಟ್ಟಿದರೆ ಕೈ ಹರಿಯುವ ಬಯಲುಸೀಮೆ ಗಿಡಕ್ಕೆ ಹಿಮದ ನಾಡು ಸುತ್ತಿದವನ ಹೆಸರು! ನಮಗೆ ಗೊತ್ತಿರುವ ಶಿವನಿ ಮರ ಇದರ ಅಣ್ಣ. ಆ ಮರದ ಬೇರು ದಶಮೂಲದಲ್ಲಿ, ಅಂದ್ರೆ ಆಯುರ್ವೇದದ ಹತ್ತು ಬೇರುಗಳಲ್ಲಿ, ಒಂದು, ಅದರ ಬದಲಿಗೆ ಈ ಪೊದೆಯ ಬೇರನ್ನು ಕಲಸಿ ಮಾರುವುದೂ ಉಂಟು. ಹೆಸರು ಗೊತ್ತಿಲ್ಲದ ಗಿಡಗಳು ಬುಡಸಮೇತ ಹೋಗೋದು ಹೀಗೇ ಇರಬೇಕು.

ಮೂರು ನರ್ಸರಿ ಸುತ್ತಿದೆ. ಒಂದರಲ್ಲಿ ಹಳದಿ ಗಂಟೆ ಹೂ ಅಂದಿದ್ದಕ್ಕೆ ಟೆಕೋಮಾ ತಂದು ಕೊಟ್ಟರು. ಇನ್ನೊಂದರಲ್ಲಿ ಅಲಮಂಡಾ. ಮೂರನೆಯವರು "ಸರ್, ಮುಳ್ಳಿನ ಗಿಡ ಯಾರು ತಗೋತಾರೆ" ಅಂತ ನಕ್ಕರು. ಸರಿ, ನಾವೇ ಎಬ್ಬಿಸೋಣ.

ಒಂದು ಮಾತು. ಬೀಜ, ಕಡ್ಡಿ ಎಲ್ಲ ಊರ ಬದುಗಳಿಂದ, ಹೊಲದವರನ್ನು ಕೇಳಿ ತಂದಿದ್ದು. ಜೋಗಿಮಟ್ಟಿ ಕಾಡಿನೊಳಗಿಂದ ಏನನ್ನೂ ತರಲಿಲ್ಲ, ತರಬಾರದು ಕೂಡ.

2022 ನವೆಂಬರ್ 13: ಮೊದಲ ಬಿತ್ತನೆ, ಮೊದಲ ದಡ್ಡತನ

ಆ ವರ್ಷ ಮಳೆ ಅಂದ್ರೆ ಮಳೆ. ಮಾರಿಕಣಿವೆ ಅಣೆಕಟ್ಟು, ಅದೇ ವಾಣಿವಿಲಾಸ ಸಾಗರ, 1933 ಆದ ಮೇಲೆ ಮೊದಲ ಸಲ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತ್ತು, ಊರಿಗೆ ಊರೇ ನೋಡಲು ಹೋಗಿತ್ತು. ಕಲ್ಶಿವನಿಯಲ್ಲೂ ಕಾಯಿ ಚೆನ್ನಾಗಿ ಕಟ್ಟಿತ್ತು. ಹಣ್ಣು ಹಳದಿ, ಬಾರೆ ಹಣ್ಣಿನಷ್ಟು. ಪೊದೆ ಕೆಳಗೆ ಬಿದ್ದಿದ್ದನ್ನು ಒಂದು ಬಕೆಟ್ ಆರಿಸಿದೆ. ಎಣಿಸಿದರೆ 270.

5x8 ಇಂಚಿನ ಕಪ್ಪು ಕವರ್ 2 ಕೆಜಿಗೆ 340 ರೂಪಾಯಿ. ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಸಮ ಕಲಸಿ 120 ಕವರ್ ತುಂಬಿಸಿ, ಹಣ್ಣನ್ನು ಹಾಗೇ ಒಂದೊಂದು ಊರಿದೆ. ಹಾಗೇ ಅಂದ್ರೆ ತಿರುಳು, ಸಿಪ್ಪೆ ಸಮೇತ. ಕಾಡಲ್ಲಿ ಯಾರು ತೊಳೆದು ಬಿತ್ತುತ್ತಾರೆ ಅನ್ನೋದು ನನ್ನ ತರ್ಕ.

ಮುಂದಿನ ಭಾನುವಾರ ಹೋದರೆ ಕವರ್‌ಗಳ ಮೇಲೆ ಕಟ್ಟಿರುವೆ ಸಾಲು. ಅದರ ಮುಂದಿನ ವಾರ ಇಲಿ ಕೆದರಿದ ಗುರುತು. ಉಳಿದ ಕೆಲವನ್ನು ಕೆದಕಿ ನೋಡಿದರೆ ತಿರುಳು ಕೊಳೆತು ಬಿಳಿ ಬೂಷ್ಟು, ಹುಳಿ ವಾಸನೆ. 120ರಲ್ಲಿ ಎದ್ದಿದ್ದು 4. ಆ ನಾಲ್ಕೂ ಏಪ್ರಿಲಿನಲ್ಲಿ ನಾನು ಮದುವೆಗೆ ಅಂತ ಎರಡು ಭಾನುವಾರ ತಪ್ಪಿಸಿದಾಗ ಒಣಗಿ ಹೋದವು.

2022 ಡಿಸೆಂಬರ್ 18: ಕುದಿ ನೀರು

ಈ ಒಂದು ತಪ್ಪನ್ನು ಬರೆಯೋಕೆ ಈಗಲೂ ನಾಚಿಕೆಯಾಗುತ್ತೆ. ಮೊದಲೇ 150 ಹಣ್ಣು ಎತ್ತಿಟ್ಟಿದ್ದೆ. ತಂಗಟೆ ಬೀಜಕ್ಕೆ ಸಿಪ್ಪೆ ಗಟ್ಟಿ, ಬಿಸಿ ನೀರಲ್ಲಿ ನೆನೆಸಿ ಹಾಕಿದರೆ ಬೇಗ ಮೊಳೆಯುತ್ತೆ. ಇದನ್ನು ಹಿಂದೆ ಮಾಡಿ ನೋಡಿದ್ದೆ, ಫಲ ಬಂದಿತ್ತು. ಕಲ್ಶಿವನಿ ವಾಟೆ ಇನ್ನೂ ಗಟ್ಟಿ, ಕಲ್ಲಿನ ಹಾಗಿದೆ. ಹಾಗಾದರೆ ಇದಕ್ಕೆ ಇನ್ನೂ ಬಿಸಿ ಬೇಕು ಅಲ್ವಾ? ಸ್ಟೌ ಮೇಲೆ ನೀರು ಮರಳಿಸಿ, ಇಳಿಸಿ, 150 ವಾಟೆ ಸುರಿದು, ಮುಚ್ಚಿ, ರಾತ್ರಿಯಿಡೀ ಬಿಟ್ಟೆ.

ಒಂದೂ ಏಳಲಿಲ್ಲ. ಎರಡು ತಿಂಗಳು ಕಾದೆ. ಆಮೇಲೆ ಸಿಟ್ಟು ಬಂದು ಐದು ವಾಟೆ ತೆಗೆದು ಚಪ್ಪಡಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆದೆ. ಪಕ್ಕದಲ್ಲಿ ಹೋಲಿಸಲಿಕ್ಕೆ, ನೀರು ಕಾಣಿಸದ ಒಂದು ವಾಟೆಯನ್ನೂ ಒಡೆದೆ. ನೀರು ಕಾಣದ್ದರ ಒಳಗಿನ ಬೇಳೆ ಬೆಳ್ಳಗೆ, ಎಳೇ ಕೊಬ್ಬರಿ ಥರ, ಉಗುರಲ್ಲಿ ಒತ್ತಿದರೆ ಎಣ್ಣೆ ಜಿನುಗಿತು. ಕುದಿ ನೀರಿನದು ಬೂದು ಬಣ್ಣಕ್ಕೆ ತಿರುಗಿ, ಬೆಂದ ಕಡಲೆಬೀಜದಂತೆ ಒತ್ತಿದ ಕೂಡಲೇ ಹಿಟ್ಟಾಯ್ತು. ಪೂರ್ತಿ ಬೇಯಿಸಿಬಿಟ್ಟಿದ್ದೆ.

ತಂಗಟೆಯದು ಅವರೆ ಜಾತಿಯ ಬೀಜ, ಅದಕ್ಕೆ ನೀರು ಇಳಿಯದ ಸಿಪ್ಪೆ. ಕಲ್ಶಿವನಿಯದು ಬೀಜ ಅಲ್ಲ, ವಾಟೆ. ಮಾವಿನ ವಾಟೆಯ ಹಾಗೆ, ಬೀಜ ಅದರ ಒಳಗಿರುತ್ತೆ. ವಾಟೆಗೆ ಬೇಕಾದ್ದು ತಣ್ಣೀರು ಮತ್ತು ತಾಳ್ಮೆ. ನನ್ನ ಹತ್ತಿರ ಎರಡನೆಯದು ಇರಲಿಲ್ಲ.

ಒಡೆದಾಗ ಇನ್ನೊಂದು ಗೊತ್ತಾಯ್ತು. ಕೆಲವು ವಾಟೆಯಲ್ಲಿ ಒಂದು ಬೇಳೆ, ಕೆಲವು ವಾಟೆಯಲ್ಲಿ ಎರಡು. ಒಂದು ಪೂರ್ತಿ ಪೊಳ್ಳು. ಇದು ಮುಂದೆ ಉಪಯೋಗಕ್ಕೆ ಬಂತು.

2023 ಫೆಬ್ರವರಿ 26: ಕಡ್ಡಿ

ಬೀಜದ ಸಹವಾಸವೇ ಬೇಡ, ಕಡ್ಡಿ ನೆಡೋಣ ಅಂತ 450 ಕೊಟ್ಟು ಸವರುವ ಕತ್ತರಿ ತಂದೆ. ಬೇರು ಬರಿಸುವ ಪುಡಿ 160. ಪೆನ್ಸಿಲ್ ದಪ್ಪದ, ಏಳು ಇಂಚಿನ 100 ಕಡ್ಡಿ. ಕೆಳಗೆ ಓರೆ, ಮೇಲೆ ನೇರ ಕತ್ತರಿಸಿ, ಪುಡಿ ಅದ್ದಿ, ಹಳೇ ಕವರ್‌ಗಳಲ್ಲೇ ಊರಿದೆ.

ಹದಿನೈದು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಕಡ್ಡಿ ಚಿಗುರಿದವು! ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ, ಅಂಗಡಿಗೆ ಬಂದವರಿಗೂ ತೋರಿಸಿದೆ. ಯುಗಾದಿ ಹೊತ್ತಿಗೆ ಚಿಗುರು ಬಾಡಿತು. ಕಿತ್ತು ನೋಡಿದರೆ ಕೆಳಗೆ ಒಂದು ಬೇರೂ ಇಲ್ಲ. ಕಡ್ಡಿಯಲ್ಲಿದ್ದ ಸತ್ವವನ್ನೇ ತಿಂದು ಚಿಗುರಿತ್ತು, ಅಷ್ಟೆ. ಚಿಗುರು ನೋಡಿ ಕುಣಿಯಬಾರದು, ಕವರ್ ತಳದ ತೂತಿನಲ್ಲಿ ಬಿಳಿ ಬೇರು ಇಣುಕಿದರೆ ಆಗ ಖುಷಿ ಪಡಿ. 100ರಲ್ಲಿ ಉಳಿದಿದ್ದು 3. ನೆರಳುಬಲೆ ಇಲ್ಲದೆ, ನಮ್ಮ ಊರಿನ ಮಾರ್ಚ್ ಬಿಸಿಲಿಗೆ, ವಾರಕ್ಕೊಮ್ಮೆ ನೀರು ಹಾಕಿ ಕಡ್ಡಿ ನೆಟ್ಟವನು ನಾನೊಬ್ಬನೇ ಇರಬೇಕು. ಅವ್ವನಿಗೆ ದಿನ ಬಿಟ್ಟು ದಿನ ನೀರು ಹಾಕು ಅಂದಿದ್ದೆ, ಅವಳು "ಕುಡಿಯಾಕೇ ಟ್ಯಾಂಕರ್ ನೀರು, ನಿನ್ ಮುಳ್ಳಿಗೆ ಹಾಕ್ಲಾ?" ಅಂದಳು. ನ್ಯಾಯವೇ.

2023 ಜುಲೈ 9: ಬಗ್ಗಿಸಿ ಹೂತಿದ್ದು

2023 ಬರದ ವರ್ಷ. ಸರ್ಕಾರವೇ ಘೋಷಿಸಿತು. ಮೃಗಶಿರ, ಆರಿದ್ರ ಎರಡೂ ಕೈಕೊಟ್ಟವು. ಬೇಜಾರಾಗಿ ಹಳೇ ಹಟ್ಟಿ ಬದುವಿನ ಹತ್ತಿರ ಸುಮ್ನೆ ಕೂತಿದ್ದಾಗ ಕಂಡಿದ್ದು ಇದು. ಪೊದೆಯ ಒಂದು ಕೊಂಬೆ ನೆಲಕ್ಕೆ ತಾಗಿ, ಅದರ ಮೇಲೆ ಮಣ್ಣು ಕುಸಿದು, ಅಲ್ಲಿಂದ ಬೇರು ಬಿಟ್ಟು ಹೊಸ ಗಿಡ ಆಗಿತ್ತು. ಯಾವ ಪುಡಿಯೂ ಇಲ್ಲದೆ.

ಹೊಲದವರನ್ನು ಕೇಳಿ 12 ಕೊಂಬೆ ಬಗ್ಗಿಸಿದೆ. ಮಣ್ಣಿಗೆ ಹೋಗುವ ಜಾಗದಲ್ಲಿ ಎರಡು ಇಂಚು ತೊಗಟೆ ಕೆರೆದು, ಮೂರು ಇಂಚು ಆಳ ಹೂತು, ಮೇಲೆ ಒಂದೊಂದು ಕಲ್ಲು ಇಟ್ಟೆ. ಪಕ್ಕದಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿಯನ್ನು ಮುಚ್ಚಳಕ್ಕೆ ಸೂಜಿ ತೂತು ಮಾಡಿ ತಲೆಕೆಳಗಾಗಿ ಊರಿದೆ. ವಾರಕ್ಕೊಮ್ಮೆ ತುಂಬಿಸೋದು. ಖರ್ಚು ಸೊನ್ನೆ, ಕೈಗೆ ಗೀರುಗಳು ಮಾತ್ರ. ನವೆಂಬರಿನಲ್ಲಿ ತಾಯಿ ಗಿಡದಿಂದ ಕತ್ತರಿಸಿದಾಗ 12ರಲ್ಲಿ 9ಕ್ಕೆ ಬೇರು ಬಂದಿತ್ತು. ಬರಗಾಲದಲ್ಲಿ!

ಸಮಸ್ಯೆ ಏನಂದ್ರೆ ನನಗೆ ಬೇಕಾದ್ದು 181 ಗಿಡ. 9 ಅಲ್ಲ.

2023 ನವೆಂಬರ್ 5: ಬೀಜ, ಮೂರನೇ ಸಲ

ಈ ಸಲ ಅಡುಗೆ ಮಾಡಿದಷ್ಟು ನಾಜೂಕಾಗಿ ಮಾಡಿದೆ. ಹೇಗೆ ಮಾಡಿದೆ ಅಂತ ಪೂರ್ತಿ ಬರೆಯುತ್ತೇನೆ, ಬೇಕಾದವರು ಇದನ್ನು ಮಾತ್ರ ಓದಿದರೂ ಸಾಕು.

ಬರ ಅಂತ ಕಾಯಿ ಕಡಿಮೆ. ಮೂರು ಊರಿನ ಬದು ಸುತ್ತಿ ಎರಡು ವಾರದಲ್ಲಿ 390 ಹಣ್ಣು ಆಯಿತು. ಹಳದಿಯಾಗಿ ತಾನಾಗೇ ಉದುರಿದ್ದು ಮಾತ್ರ. ಹಸಿರು ಇದ್ದಿದ್ದನ್ನು ಕೀಳಲಿಲ್ಲ. ಬಕೆಟ್ಟಿಗೆ ಹಾಕಿ ಮುಳುಗುವಷ್ಟು ತಣ್ಣೀರು. ಮೂರು ದಿನ ಬಿಟ್ಟೆ. ಹುಳಿ ಬಂದು ನೊರೆ ಕಟ್ಟುತ್ತೆ, ಸಿಪ್ಪೆ ಜಾರುತ್ತೆ. ವಾಸನೆಗೆ ಮನೆಯವಳು ಬಕೆಟ್ ಸಮೇತ ನನ್ನನ್ನೂ ಮಹಡಿ ಮೇಲೆ ಕಳಿಸಿದಳು. ನಾಲ್ಕನೇ ದಿನ ಒಂದು ಹಿಡಿ ದಪ್ಪ ಮರಳು ಹಾಕಿ, ಗೋಣಿ ಚೀಲದ ಮೇಲೆ ಉಜ್ಜಿದೆ. ತಿರುಳಿನ ಜಿಗುಟು ಒಂದು ಚೂರೂ ಉಳಿಯಬಾರದು, ಇರುವೆ ಬರೋದು ಅದಕ್ಕೇ. ನಾಲ್ಕು ನೀರಲ್ಲಿ ತೊಳೆದೆ.

ಆಮೇಲೆ ತುಂಬಿದ ಬಕೆಟ್ ನೀರಿಗೆ ಬಿಟ್ಟೆ. ತೇಲಿದ್ದು 80. ಹತ್ತು ಒಡೆದು ನೋಡಿದೆ, ಎಂಟು ಪೊಳ್ಳು. ಎಲ್ಲ ಎಸೆದೆ. ಮುಳುಗಿದ್ದು 310. ಅವನ್ನು ನೆರಳಲ್ಲಿ ಪೇಪರ್ ಮೇಲೆ ಒಂದು ವಾರ ಆರಿಸಿ, ಬಿತ್ತುವ ಹಿಂದಿನ ದಿನ 24 ಗಂಟೆ ತಣ್ಣೀರಲ್ಲಿ ನೆನೆಸಿದೆ.

ಕವರಿಗೆ ನೇರ ಹಾಕಲಿಲ್ಲ. ಇಟ್ಟಿಗೆ ಅಡ್ಡ ಇಟ್ಟು 6 ಅಡಿ ಉದ್ದ, 3 ಅಡಿ ಅಗಲದ ಮರಳಿನ ಮಡಿ ಮಾಡಿದೆ. ಮರಳಿಗೆ 400. ಒಂದು ಇಂಚು ಆಳ, ಎರಡು ಇಂಚಿಗೊಂದು ವಾಟೆ. ಮೇಲೆ ಭತ್ತದ ಹುಲ್ಲು, ಅದರ ಮೇಲೆ ಇಲಿಗೆ ಅಂತ ಹಳೇ ಕಿಟಕಿ ಜಾಲರಿ. ನೆರಳುಬಲೆ 1,150. ಮಡಿ ಇದ್ದಿದ್ದು ಊರಿನ ಮನೆ ಹಿತ್ತಲಲ್ಲಿ, ಹೊಲದಲ್ಲಿ ಅಲ್ಲ. ಅವ್ವನ ಬಟ್ಟೆ ಒಗೆದ ನೀರಿನಲ್ಲಿ ಸೋಪು ಹಾಕದ ಕೊನೇ ಅಲುಬಿನ ನೀರು ಇದಕ್ಕೆ ಅಂತ ಒಪ್ಪಂದ ಆಯಿತು.

ನವೆಂಬರ್ ಹೋಯ್ತು. ಡಿಸೆಂಬರ್ ಹೋಯ್ತು. ಸಂಕ್ರಾಂತಿಗೂ ಒಂದೂ ಇಲ್ಲ. ಮತ್ತೆ ಸೋತೆ ಅಂದುಕೊಂಡು ನೆರಳುಬಲೆ ಬಿಚ್ಚಬೇಕು ಅಂತ ಹೋಗಿದ್ದೆ, ಅವ್ವ ತಡೆದಳು. "ಚಳಿಗೆ ನನಗೇ ಏಳಾಕಾಗವಲ್ದು, ಅವು ಹೆಂಗೆ ಏಳ್ತಾವೆ" ಅಂದಳು. ಫೆಬ್ರವರಿ ಎರಡನೇ ವಾರ ಬಿಸಿಲು ಏರಿತು ನೋಡಿ, ಮರಳು ಅಲ್ಲಲ್ಲಿ ಉಬ್ಬಿತು. ಮೂರು ವಾರದಲ್ಲಿ 141 ಮೊಳಕೆ. ಕೆಲವು ಕಡೆ ಒಂದೇ ಜಾಗದಲ್ಲಿ ಅವಳಿ ಜವಳಿ, ಎರಡು ಬೇಳೆಯ ವಾಟೆ ಇರಬೇಕು. ಅವನ್ನು ಬೆರಳಲ್ಲಿ ಬಿಡಿಸಿ ಬೇರೆ ಮಾಡಿದೆ. ಹಾಗೆ ಮಾಡುವಾಗ ಆರು ಸತ್ತವು. ಎರಡೆಲೆ ಇದ್ದಾಗಲೇ ಬಿಡಿಸಬೇಕಿತ್ತು, ನಾನು ನಾಲ್ಕು ಎಲೆ ಬರಲಿ ಅಂತ ಕಾದು ಬೇರು ಹೆಣೆದುಕೊಂಡಿದ್ದವು.

ಕಲಿತಿದ್ದು: ಚಳಿಗಾಲದಲ್ಲಿ ಬಿತ್ತಬೇಕಾಗಿಯೇ ಇರಲಿಲ್ಲ. ತೊಳೆದು ಆರಿಸಿ ಇಟ್ಟುಕೊಂಡು ಫೆಬ್ರವರಿಯಲ್ಲಿ ಬಿತ್ತಿದ್ದರೆ ಮೂರು ತಿಂಗಳ ನೀರು ಉಳೀತಿತ್ತು.

2024 ಜೂನ್ 9: ನಾಟಿ

ಮೃಗಶಿರ ಕೂಡಿದ ಮರುದಿನ. ಒಂದು ವಾರ ಮುಂಚೆಯೇ ಜೆಸಿಬಿಯಲ್ಲಿ 180 ಅಡಿ ಕಾಲುವೆ ತೆಗೆಸಿದ್ದೆ, ಒಂದೂವರೆ ಅಡಿ ಅಗಲ, ಒಂದು ಅಡಿ ಆಳ. ಒಂದೂವರೆ ಗಂಟೆಗೆ 1,800. ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ 3,200. ನಾಲ್ಕು ಜನ ಹೆಂಗಸರಿಗೆ ತಲಾ 350, ಇಬ್ಬರು ಗಂಡಸರಿಗೆ ತಲಾ 600.

ಎರಡು ಸಾಲು, ಸಾಲಿನ ನಡುವೆ ಒಂದು ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ. ಮುಂದಿನ ಸಾಲಿಗೆ 91, ಹಿಂದಿನದಕ್ಕೆ 90. ಕೈಯಲ್ಲಿದ್ದ ಲೆಕ್ಕ: ಬೀಜದ ಸಸಿ 118, ಬಗ್ಗಿಸಿ ಮಾಡಿದ್ದು 9, ಆ ಹಳೇ ಕಡ್ಡಿ 3. ಒಟ್ಟು 130. ಮುಂದಿನ ಸಾಲು ತುಂಬಿಸಿ, ಹಿಂದಿನ ಸಾಲಿಗೆ 39 ಹಾಕಿದೆ.

ಕವರ್ ಬಿಚ್ಚಿದಾಗ ಒಂದು ವಿಷಯ ಕಂಡು ಎದೆ ಧಸಕ್ಕಂತು. ಎಂಟು ಇಂಚಿನ ಕವರ್ ಇದಕ್ಕೆ ಸಾಲಲ್ಲ. ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಂಡಿತ್ತು. ಸುತ್ತಿದ ತುದಿಯನ್ನು ಕತ್ತರಿಯಲ್ಲಿ ಸವರಿ ನೆಟ್ಟೆವು. ಈಗ ಮಾಡುವುದಾದರೆ ಉದ್ದ ಕವರ್ ತರುತ್ತೇನೆ.

16 ಎಂಎಂ ಡ್ರಿಪ್ ಪೈಪು 60 ಮೀಟರ್, 720. ತಿರುಪು, ಮುಚ್ಚಳ ಅಂತ 130. ಮೇಕೆಗೆ ತಡೆಯಾಗಿ ಹೊರಗಡೆ ಜಾಲಿ ಮುಳ್ಳು ಕಡಿದು ಒತ್ತಿದೆವು. ಹಸಿರು ಬೇಲಿ ಕಾಯೋಕೆ ಒಣ ಬೇಲಿ.

2024 ಜುಲೈ 21: ಮತ್ತೆ ಕಡ್ಡಿ, ಈ ಸಲ ಮಳೆಯಲ್ಲಿ

ಪುಷ್ಯ ಮಳೆ ಹಿಡಿದಿತ್ತು. ಅದೇ ಕತ್ತರಿ, ಅದೇ ಪುಡಿ. ಬದಲಾಗಿದ್ದು ಎರಡೇ: ತೀರಾ ಬಲಿತದ್ದನ್ನು ಬಿಟ್ಟು, ಹಸಿರು ಮಾಸಿ ಕಂದು ತಿರುಗುತ್ತಿದ್ದ ಕೊನೆ ತಗೊಂಡೆ, ಮತ್ತೆ ಬಲೆ ಕೆಳಗಿಟ್ಟೆ. 60ರಲ್ಲಿ 37ಕ್ಕೆ ಬೇರು. ಸೆಪ್ಟೆಂಬರ್ 15ಕ್ಕೆ ಹಿಂದಿನ ಸಾಲಿಗೆ ನೆಟ್ಟೆ. ಅಲ್ಲಿಗೆ ಹಿಂದಿನ ಸಾಲಲ್ಲಿ 76, ಖಾಲಿ 14. ಆ 14ಕ್ಕೆ ಈಗ ಗಿಡಗಳಿಂದಲೇ ಕೊಂಬೆ ಬಗ್ಗಿಸಿ ಹೂತಿದ್ದೇನೆ.

ಅಕ್ಟೋಬರ್ ಮಳೆಗೆ ಕೆಳಗಿನ ಮೂಲೆಯಲ್ಲಿ ನೀರು ನಿಂತಿತು. ಹತ್ತು ದಿನ. 22 ಅಡಿ, ಎರಡೂ ಸಾಲು ಸೇರಿ 22 ಗಿಡ ಎಲೆ ಉದುರಿಸಿ ಸತ್ತವು. ಕಿತ್ತರೆ ಬೇರು ಕಪ್ಪಾಗಿ ಕೈಯಲ್ಲೇ ಕಳಚಿ ಬಂತು. ಒಣಗಿದ ನೆಲ ತಡೆಯುತ್ತೆ, ನಿಂತ ನೀರು ತಡೆಯಲ್ಲ. ಬದುವಿನ ಮೇಲೆ, ಕಲ್ಲಿನ ಸಂದಿಯಲ್ಲಿ ಯಾಕಿರುತ್ತೆ, ತಗ್ಗಲ್ಲಿ ಯಾಕೆ ಇರಲ್ಲ ಅಂತ ನೋಡಿದವನಿಗೆ ಹೊಳೆಯಬೇಕಿತ್ತು. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು ಅಂತ ಊರೆಲ್ಲ ಸಂಭ್ರಮ, ನಾನು ಮಾತ್ರ ಮೂಲೆಯಲ್ಲಿ ಬಕೆಟ್ ಹಿಡಿದುಕೊಂಡು ನಿಂತಿದ್ದೆ.

2025 ಆಗಸ್ಟ್ 10: ಕತ್ತರಿ

ಒಂದು ವರ್ಷ ಗಿಡಕ್ಕೆ ಕತ್ತರಿ ಹಾಕಿರಲಿಲ್ಲ. ಬೆಳೀಲಿ ಪಾಪ ಅಂತ. ನಾಲ್ಕು ಅಡಿ ಎತ್ತರ ಬಂತು, ಆದರೆ ಎಲ್ಲ ಮೇಲೇ. ಬುಡದಲ್ಲಿ ಮರಿ ಮೇಕೆ ನುಸುಳುವಷ್ಟು ಸಂದಿ. ನೆಟ್ಟ ಮೂರನೇ ತಿಂಗಳಿಗೇ ಮೊಣಕಾಲೆತ್ತರಕ್ಕೆ ಕತ್ತರಿಸಿದ್ದರೆ ಬುಡದಿಂದ ಕವಲು ಒಡೆಯುತ್ತಿತ್ತು.

ಅವತ್ತು ಮೊದಲ ಸಲ ಹೂ ಬಿಟ್ಟಿತ್ತು. ಕತ್ತರಿಸಲು ಕೈ ಬರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ: ಹಿಂದಿನ ಸಾಲನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಮುಂದಿನ ಸಾಲಿನ ಎಳೇ ಕೊನೆಗಳನ್ನು ಮಾತ್ರ ಅಡ್ಡಡ್ಡ ಬಗ್ಗಿಸಿ ಪಕ್ಕದ ಗಿಡಕ್ಕೆ ಹೆಣೆದೆ, ಬಾಳೆ ನಾರಲ್ಲಿ ಕಟ್ಟಿದೆ. ಅಡ್ಡ ಮಲಗಿಸಿದ ಕೊನೆಯ ಉದ್ದಕ್ಕೂ ಮೇಲ್ಮುಖವಾಗಿ ಚಿಗುರು ಬಂತು. ಹೂವೂ ಉಳಿಯಿತು. ದಪ್ಪ ಚರ್ಮದ ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಅಂಗಡಿಯಲ್ಲಿ ಒಂದು ವಾರ ಜೆರಾಕ್ಸ್ ಕೊಡುವಾಗ ಗಿರಾಕಿಗಳು ನನ್ನ ಕೈ ನೋಡಿ "ಬೆಕ್ಕು ಸಾಕಿದೀರಾ" ಅಂತ ಕೇಳ್ತಿದ್ದರು.

ಖರ್ಚು

ಕವರ್ 340, ಗೊಬ್ಬರ 3,200, ಮರಳು 400, ಬಲೆ 1,150, ಕತ್ತರಿ 450, ಪುಡಿ 160, ಜೆಸಿಬಿ 1,800, ಕೂಲಿ 2,600, ಪೈಪು ಮತ್ತೆ ಅದರ ಸಾಮಾನು 850. ಒಟ್ಟು 10,950. ತಂತಿಯ ಅರ್ಧ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಮನೆಯವಳು ಪೆಟ್ರೋಲ್ ಲೆಕ್ಕ ಕೇಳಿದಳು. ಹೋಗಿ ಬರೋಕೆ 28 ಕಿಲೋಮೀಟರ್, ಬೇಲಿಗೇ ಅಂತ ಹೋದ ಭಾನುವಾರ ಸುಮಾರು 100. ಅದು 5,600. ಅಲ್ಲಿಗೆ 16,550. ಉಳಿತಾಯ 4,550, ಮೂರೂವರೆ ವರ್ಷಕ್ಕೆ. ಅವ್ವ ಒಗೆದ ನೀರು, ಬೈಗುಳ ಎರಡೂ ಲೆಕ್ಕಕ್ಕೆ ಬಿಟ್ಟಿದ್ದೇನೆ.

2025 ನವೆಂಬರ್ 16: ಇವತ್ತು ನಿಂತಿರುವುದು ಎಲ್ಲಿ

158 ಅಡಿಯಲ್ಲಿ ದೊಡ್ಡ ಮೇಕೆ ನುಗ್ಗಲ್ಲ, ನೋಡಿದ್ದೇನೆ. ಮೂತಿ ಇಟ್ಟು, ಎಳೇ ತುದಿ ಎರಡು ಕಿತ್ತು, ಮುಳ್ಳು ಚುಚ್ಚಿದಾಗ ತಲೆ ಕೊಡವಿ ಮುಂದೆ ಹೋಗುತ್ತವೆ. ಅಜ್ಜ ಹೇಳಿದ್ದು ಸರಿಯಾಗೇ ಇತ್ತು. ಆದರೆ ಮೇಕೆಗಳಿಗೂ ಈಗ ಗೊತ್ತಾಗಿದೆ, ಬೇಲಿ ಗುಂಟ ನಡೆದರೆ ಕೊನೆಗೆ ಆ ತಗ್ಗಿನ ಮೂಲೆ ಸಿಗುತ್ತೆ ಅಂತ. ನೇರ ಅಲ್ಲಿಗೇ ಬರುತ್ತವೆ.

ಅಲ್ಲಿ ಎರಡು ಸಲ ಮತ್ತೆ ನೆಟ್ಟು ಎರಡು ಸಲವೂ ಕಳೆದುಕೊಂಡೆ. ಅವ್ವ ಲಕ್ಕಿ ಗಿಡ ಹಾಕು ಅನ್ನುತ್ತಾಳೆ, ನೀರಲ್ಲೂ ಬರುತ್ತೆ ಅಂತ. ಬರುತ್ತೆ, ಆದರೆ ಮುಳ್ಳಿಲ್ಲ. ನನಗೆ ಹಟ. ಇವತ್ತು ಕಾಲುವೆ ಮುಚ್ಚಿ, ಗರಸು ತಂದು ಒಂದೂವರೆ ಅಡಿ ಎತ್ತರದ ದಿಬ್ಬ ಹಾಕಲು ಶುರು ಮಾಡಿದೆ, ಅಡಿಯಲ್ಲಿ ನೀರು ಹಾಯಲು ನಾಲ್ಕು ಇಂಚಿನ ಪೈಪಿನ ತುಂಡು ಎರಡು. 22 ಅಡಿಯಲ್ಲಿ 9 ಅಡಿ ಆಯಿತು, ಅಷ್ಟರಲ್ಲಿ ಗುದ್ದಲಿ ಕಾವು ಮುರಿಯಿತು. ಮಡಿಗೆ ಹಾಕೋಕೆ ಈ ವರ್ಷದ 60 ವಾಟೆ ತೊಳೆದು ಆರಿಸಿ ಡಬ್ಬಿಯಲ್ಲಿಟ್ಟಿದ್ದೇನೆ, ಫೆಬ್ರವರಿಗೆ. ಡಬ್ಬಿ ಮೇಲೆ ಮನೆಯವಳು ದೊಡ್ಡದಾಗಿ ಬರೆದು ಅಂಟಿಸಿದ್ದಾಳೆ: "ಕುದಿಸಬೇಡಿ."